‘ಪರವಾಗಿಲ್ಲ’ ಅಂದರೆ ಏನು? ಒಂದು ಸಣ್ಣ ಪ್ರೇಮ-ಹಾಸ್ಯ ಚಿತ್ರದ ಪ್ರಕರಣ

ಸಿನಿಮಾ ನೋಡಿ ಹೊರಗೆ ಬಂದವರನ್ನು ‘ಹೇಗಿತ್ತು?’ ಅಂತ ಕೇಳಿದರೆ ನಮ್ಮಲ್ಲಿ ಜಾಸ್ತಿ ಸಿಗುವ ಉತ್ತರ ‘ಪರವಾಗಿಲ್ಲ’. ಇಲ್ಲಾಂದ್ರೆ ‘ಒಂದ್ಸಲ ನೋಡಬಹುದು’. ನಾನು ಎಡಿಟಿಂಗ್ ಕೆಲಸಕ್ಕೆ ಬಂದು ಹಲವು ವರ್ಷ ಆಯಿತು. ಈ ಎರಡು ಮಾತು ಕಿವಿಗೆ ಬಿದ್ದರೆ ‘ಸಿನಿಮಾ ಸಾಧಾರಣವಾಗಿದೆ’ ಎಂದೇ ತಿಳಿದುಕೊಳ್ಳುತ್ತಿದ್ದೆ. ಅದು ತಪ್ಪು ಎಂದು ಒಂದು ಚಿತ್ರ ನನಗೆ ಕಲಿಸಿತು. ಸಣ್ಣ ಬಜೆಟ್ಟಿನಲ್ಲಿ ಸಿನಿಮಾ ಮಾಡುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರಲಿ ಎಂದು ಆ ಕೆಲಸದ ಕಥೆಯನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಚಿತ್ರದ ಹೆಸರು, ಊರು, ಜನರ ಗುರುತು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲೆಂದು ಕಥೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಯಾವಾಗ ಏನು ತೀರ್ಮಾನ ಮಾಡಿದೆವು, ಯಾಕೆ ಮಾಡಿದೆವು ಎನ್ನುವುದು ಮಾತ್ರ ಇದ್ದ ಹಾಗೇ ಇದೆ.

ಚಿತ್ರದ ಹಿನ್ನೆಲೆ

ನಿರ್ದೇಶಕರಿಗೆ ಮೂವತ್ತು ದಾಟಿತ್ತು. ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು. ಅದಕ್ಕೆ ಮೊದಲು ನಾಲ್ಕೈದು ಕಿರುಚಿತ್ರ ಮಾಡಿದ್ದರು. ಹಣ ಹಾಕಿದ್ದು ಅವರೇ, ಜೊತೆಗೆ ಇಬ್ಬರು ಗೆಳೆಯರು, ಮತ್ತೆ ಅಡಿಕೆ ತೋಟ ಇರುವ ಸೋದರಮಾವ. ಎಲ್ಲ ಸೇರಿ ಒಂದು ಕೋಟಿಯ ಒಳಗೆ. ಮಾವನಿಗೆ ಸಿನಿಮಾ ಗೊತ್ತಿರಲಿಲ್ಲ, ಅಳಿಯನ ಮೇಲೆ ನಂಬಿಕೆ ಇತ್ತು.

ಆ ತಂಡಕ್ಕೆ ಧೈರ್ಯ ಕೊಟ್ಟ ಚಿತ್ರಗಳು ಎರಡು. ಒಂದು 2013ರ ‘ಲೂಸಿಯಾ’. ಪ್ರೇಕ್ಷಕರಿಂದಲೇ ಹಣ ಸೇರಿಸಿ ಕನ್ನಡದಲ್ಲಿ ಸಿನಿಮಾ ಮಾಡಬಹುದು ಎಂದು ಅದು ತೋರಿಸಿತ್ತು. ಇನ್ನೊಂದು 2017ರ ‘ಒಂದು ಮೊಟ್ಟೆಯ ಕಥೆ’. ಕೂದಲು ಉದುರಿದ ಕನ್ನಡ ಲೆಕ್ಚರರ್ ಹೀರೋ, ಮಾತೆಲ್ಲ ಮಂಗಳೂರು ಕನ್ನಡ. ಅದು ಆಮೇಲೆ ಮಲಯಾಳಕ್ಕೂ ಹಿಂದಿಗೂ ಹೋಯಿತು. ‘ನಮ್ಮೂರ ಕಥೆಯನ್ನು ನಮ್ಮೂರ ಮಾತಿನಲ್ಲೇ ಹೇಳೋಣ’ ಎಂದು ಇವರು ಹೊರಟಿದ್ದು ಹಾಗೆ.

ಕಥೆ ನಡೆಯುವುದು ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರದಲ್ಲಿ. ಹೀರೋಗೆ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಆಟೋಗೆ ಎರಡು ಮೈಕ್ ಕಟ್ಟಿಕೊಂಡು ಊರಲ್ಲಿ ಅನೌನ್ಸ್ ಮಾಡುವವನೂ ಅವನೇ. ಕರೆಂಟ್ ಹೋಗುವುದು, ನಾಟಕ ಬರುವುದು, ಯಾರದೋ ಎಮ್ಮೆ ಕಳೆದದ್ದು, ಎಲ್ಲ ಅವನ ಬಾಯಲ್ಲೇ ಊರಿಗೆ ಗೊತ್ತಾಗಬೇಕು. ಮೈಕ್ ಹಿಡಿದರೆ ಅರಳು ಹುರಿದ ಹಾಗೆ ಮಾತು. ಎದುರಿಗೆ ಒಬ್ಬರು ನಿಂತರೆ ಒಂದು ವಾಕ್ಯ ಪೂರ್ತಿ ಮಾಡಲಾರ. ಅವನ ತೀರಿಕೊಂಡ ಅಪ್ಪನೂ ಇದೇ ಕೆಲಸ ಮಾಡುತ್ತಿದ್ದವನು. ಅಮ್ಮ ಮಧ್ಯಾಹ್ನ ಊಟ ಆದಮೇಲೆ ಗಂಡನ ಹಳೆ ಅನೌನ್ಸ್‌ಮೆಂಟ್ ಕ್ಯಾಸೆಟ್ ಹಾಕಿಕೊಂಡು ಮಲಗುತ್ತಾಳೆ. ಇಪ್ಪತ್ತು ವರ್ಷದ ಹಿಂದಿನ ಜಾತ್ರೆಗೆ ಗಂಡ ಈಗಲೂ ಎಲ್ಲರನ್ನೂ ಕರೆಯುತ್ತಿರುತ್ತಾನೆ. ಆ ದೃಶ್ಯ ಮೊದಲ ಸಲ ನೋಡಿದಾಗಲೇ ಈ ಚಿತ್ರ ನನ್ನದು ಅನ್ನಿಸಿಬಿಟ್ಟಿತು.

ಊರಿಗೆ ಹೊಸ ಪಶುವೈದ್ಯೆ ಬರುತ್ತಾಳೆ. ಅವಳೇ ನಾಯಕಿ. ಪ್ರೀತಿ ಶುರುವಾಗುತ್ತದೆ, ಆದರೆ ಬಾಯಿ ಬರುವುದಿಲ್ಲ. ಸಂತೆ ದಿನ ಹೀರೋ ಮೈಕ್ ಹಿಡಿಯುತ್ತಾನೆ: ‘ಸಾರ್ವಜನಿಕರ ಗಮನಕ್ಕೆ. ಪಶು ಆಸ್ಪತ್ರೆಯ ಡಾಕ್ಟರಮ್ಮ ಕಾಣೆಯಾಗಿದ್ದಾರೆ. ಊರಿಂದಲ್ಲ, ನನ್ನ ಕಣ್ಣೆದುರಿಂದ. ಎರಡು ದಿನ ಆಯ್ತು. ನೀಲಿ ಸ್ಕೂಟರ್, ದಪ್ಪ ಫ್ರೇಮಿನ ಕನ್ನಡಕ. ಕಂಡವರು ದಯವಿಟ್ಟು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಟೀ ಕುಡಿಯೋಕೆ ಕಳಿಸಿಕೊಡಿ.’ ಸಂತೆಗೆ ಸಂತೆಯೇ ಅವಳ ಕಡೆ ತಿರುಗುತ್ತದೆ. ಅವಳು ತಲೆ ತಗ್ಗಿಸಿ ನಗುತ್ತಾಳೆ. ಅಲ್ಲಿಗೆ ಇಂಟರ್ವಲ್.

ಇಡೀ ತಂಡಕ್ಕೆ ಪ್ರಾಣಕ್ಕಿಂತ ಪ್ರಿಯವಾದ ದೃಶ್ಯ ಅದು. ಟ್ರೈಲರ್ ನಿಂತಿದ್ದೂ ಅದರ ಮೇಲೆ. ನಾನು ಚಿತ್ರಕ್ಕೆ ಎರಡನೇ ಎಡಿಟರ್ ಆಗಿ ಬಂದೆ. ಅಷ್ಟು ಹೊತ್ತಿಗೆ ಮೊದಲ ಕಟ್, ಅಂದರೆ ದೃಶ್ಯಗಳನ್ನೆಲ್ಲ ಜೋಡಿಸಿದ ಮೊದಲ ರೂಪ, ಸಿದ್ಧವಾಗಿತ್ತು. ಉದ್ದ 2 ಗಂಟೆ 24 ನಿಮಿಷ.

ತೊಂದರೆ ಕಂಡದ್ದು

ಮೊದಲು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಸಿನಿಮಾದವರಿಗೇ ತೋರಿಸಿದರು. ಎಲ್ಲರೂ ಅಪ್ಪಿಕೊಂಡು ‘ಸೂಪರ್ ಗುರು’ ಅಂದರು. ಆ ಸಂಜೆಯಿಂದ ನಮಗೆ ಏನೂ ಸಿಗಲಿಲ್ಲ. ಗೆಳೆಯರು ಗೆಳೆಯನ ಮುಖ ನೋಡಿ ಮಾತಾಡುತ್ತಾರೆ. ಅದು ಅವರ ತಪ್ಪಲ್ಲ.

ಎರಡನೆಯದನ್ನು ನಾನು ಹಟ ಹಿಡಿದು ಬೇರೆ ಕಡೆ ಮಾಡಿಸಿದೆ. ಜಿಲ್ಲಾ ಕೇಂದ್ರವೊಂದರ ಸಣ್ಣ ಸಭಾಂಗಣ. ತಂಡದ ಯಾರ ಪರಿಚಯವೂ ಇಲ್ಲದ ಅರವತ್ತು ಜನ. ಕಾಲೇಜು ಹುಡುಗರು, ಅಂಗಡಿಯವರು, ಟೀಚರುಗಳು, ಆಶಾ ಕಾರ್ಯಕರ್ತೆಯರು, ಇಬ್ಬರು ನಿವೃತ್ತ ಗುಮಾಸ್ತರು. ಕೊನೆಗೆ ಒಂದು ಹಾಳೆ ಕೊಟ್ಟೆವು. ಐದಕ್ಕೆ ಎಷ್ಟು ಸ್ಟಾರ್, ಮತ್ತೆ ಒಂದು ಸಾಲಿನ ಅಭಿಪ್ರಾಯ.

ಹಾಳೆಗಳನ್ನು ಹೋಟೆಲ್ ರೂಮಿನಲ್ಲಿ ಹರಡಿಕೊಂಡು ಕೂತೆವು. ಹೆಚ್ಚಿನವು ಮೂರು ಸ್ಟಾರ್. ಹೆಚ್ಚಿನ ಸಾಲುಗಳು ‘ಪರವಾಗಿಲ್ಲ’, ‘ಚೆನ್ನಾಗಿದೆ ಆದ್ರೆ ಏನೋ ಕಮ್ಮಿ’, ‘ಒಂದ್ಸಲ ನೋಡಬಹುದು’. ನಿರ್ದೇಶಕರ ಮುಖ ಬಾಡಿತು. ‘ಬೈದಿದ್ರೂ ಬೇಜಾರಿರ್ತಿರಲಿಲ್ಲ ಸರ್’ ಅಂದರು. ಹಣ ಹಾಕಿದ ಗೆಳೆಯರಲ್ಲಿ ಒಬ್ಬರು ಹಾಡು ಸೇರಿಸೋಣ ಅಂದರು. ಇನ್ನೊಬ್ಬರು ಉದ್ದ ಜಾಸ್ತಿ ಆಯ್ತು ಅಂದರು. ಮಾವ ಸುಮ್ನೆ ಒಂದೊಂದೇ ಹಾಳೆ ಎತ್ತಿ ಓದುತ್ತಿದ್ದರು.

ನಮಗೆ ಆರು ವಾರ ಸಮಯ ಇತ್ತು. ಈ ಪ್ರದರ್ಶನವನ್ನು ಸೆನ್ಸಾರ್‌ಗೆ ಕಳಿಸುವ ಮೊದಲೇ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಸರ್ಟಿಫಿಕೇಟ್ ಬಂದಮೇಲೆ ಚಿತ್ರದಲ್ಲಿ ಏನನ್ನಾದರೂ ತೆಗೆದರೆ ಅಥವಾ ಸೇರಿಸಿದರೆ ಮತ್ತೆ ಮಂಡಳಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಬಿಡುಗಡೆಯ ದಿನ ಹತ್ತಿರ ಬಂದಿರುವಾಗ ಸಣ್ಣ ತಂಡಗಳಿಗೆ ಆ ಓಡಾಟ ಆಗುವುದಿಲ್ಲ.

ನಾವು ಮೊದಲು ಮಾಡಿದ ತಪ್ಪು

ಉದ್ದ ಕಡಿಮೆ ಮಾಡೋಣ ಎಂದು ಹೇಳಿದ್ದು ನಾನೇ. ಅದಕ್ಕೆ ಉದಾಹರಣೆಯನ್ನೂ ಕೊಟ್ಟೆ. 1977ರ ಅಮೆರಿಕನ್ ಚಿತ್ರ ‘ಆನಿ ಹಾಲ್’ ಮೊದಲು ‘ಆ್ಯನ್‌ಹಿಡೋನಿಯಾ’ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಪ್ರೀತಿಯ ಕಥೆ ಅದರಲ್ಲಿ ಒಂದು ಎಳೆ ಅಷ್ಟೇ. ಒಂದು ಕೊಲೆಯ ರಹಸ್ಯ ಕೂಡ ಇತ್ತು. ನಿರ್ದೇಶಕ ವುಡಿ ಅಲೆನ್ ಎಡಿಟರ್ ರಾಲ್ಫ್ ರೋಸನ್‌ಬ್ಲಮ್ ಜೊತೆ ಕೂತು ಕಡಿಯುತ್ತಾ ಹೋದಾಗ ಆ ಪ್ರೀತಿಯ ಎಳೆಯೇ ಚಿತ್ರವಾಗಿ ಉಳಿಯಿತು. ಬಿಡುಗಡೆಯಾದಾಗ ಉದ್ದ 93 ನಿಮಿಷ. ಎಡಿಟರುಗಳಿಗೆಲ್ಲ ಇದು ತುಂಬಾ ಇಷ್ಟದ ಕಥೆ.

ಹಾಗಾಗಿ ಹದಿನೆಂಟು ನಿಮಿಷ ತೆಗೆದೆವು. ಅಮ್ಮನ ಕ್ಯಾಸೆಟ್ ದೃಶ್ಯ ಅರ್ಧ ಆಯಿತು. ಆಟೋ ಕೆಟ್ಟು ನಿಂತಾಗ ಹೀರೋ ಎಮ್ಮೆಗಳಿಗೆ ಅನೌನ್ಸ್ ಮಾಡುವ ದೃಶ್ಯ ಪೂರ್ತಿ ಹೋಯಿತು. 2 ಗಂಟೆ 6 ನಿಮಿಷದ ಕಟ್ ತಯಾರಾಯಿತು. ಅದೇ ಊರಿನಲ್ಲಿ ಬೇರೆ ಐವತ್ತು ಜನಕ್ಕೆ ತೋರಿಸಿದೆವು. ಮತ್ತೆ ‘ಪರವಾಗಿಲ್ಲ’. ಮೊದಲ ಸಲ ಎಮ್ಮೆ ದೃಶ್ಯವನ್ನು ಹೊಗಳಿದ ಹಾಳೆಗಳಾದರೂ ಇದ್ದವು. ಈ ಸಲ ಅದೂ ಇಲ್ಲ.

ಉದಾಹರಣೆಯನ್ನು ನಾನು ಅರ್ಧ ಮಾತ್ರ ತೆಗೆದುಕೊಂಡಿದ್ದೆ. ಆ ಚಿತ್ರದಲ್ಲಿ ಕಡಿದವರಿಗೆ ಕಡಿಯುತ್ತಾ ‘ಇದು ಯಾವುದರ ಬಗ್ಗೆ’ ಎಂದು ಗೊತ್ತಾಯಿತು, ಅದಕ್ಕೆ ಬೇಕಾಗಿದ್ದನ್ನು ಉಳಿಸಿದರು. ನಾವು ಏನು ಕೆಟ್ಟಿದೆ ಎಂದು ತಿಳಿಯದೆ ಕತ್ತರಿ ಹಿಡಿದಿದ್ದೆವು. ಚಿತ್ರದ ವಿಚಿತ್ರತನವನ್ನೇ, ಅಂದರೆ ಅದರ ಜೀವವನ್ನೇ ತೆಗೆದು ಹಾಕಿದ್ದೆವು. ವಿಚಿತ್ರವಾದ ಸಿನಿಮಾ ಜನರಿಗೆ ಅರೆಮನಸ್ಸು ತಂದರೆ ತಂಡದ ಕೈ ಮೊದಲು ಆ ವಿಚಿತ್ರ ಭಾಗಗಳ ಮೇಲೇ ಹೋಗುತ್ತದೆ. ಆಮೇಲೆ ಬೇರೆ ತಂಡಗಳಲ್ಲೂ ಇದನ್ನು ನೋಡಿದ್ದೇನೆ.

ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದೆ. ಆ ಊರಿನ ಈ ಎರಡನೇ ಪ್ರದರ್ಶನದಲ್ಲಿ ಸಭಾಂಗಣದ ಎಡಕ್ಕೊಂದು ಬಲಕ್ಕೊಂದು ಸೌಂಡ್ ರೆಕಾರ್ಡರ್ ಇಟ್ಟಿದ್ದೆ. ರೆಕಾರ್ಡ್ ಮಾಡುತ್ತೇವೆ ಎಂದು ಪ್ರೇಕ್ಷಕರಿಗೆ ಮೊದಲೇ ಹೇಳಿದ್ದೆವು.

ನಗು ಎಲ್ಲಿ ನಿಂತಿತು

ಬೆಂಗಳೂರಿಗೆ ಬಂದು ಆ ಎರಡು ರೆಕಾರ್ಡಿಂಗ್‌ಗಳನ್ನು ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಚಿತ್ರದ ಕೆಳಗೆ ಹೊಂದಿಸಿದೆ. ಇದು ಕಷ್ಟದ ಕೆಲಸವಲ್ಲ. ಚಿತ್ರದ ಶಬ್ದ ರೆಕಾರ್ಡಿಂಗ್‌ನಲ್ಲೂ ಇರುತ್ತದೆ, ಅದನ್ನೇ ಹಿಡಿದು ಸರಿಹೊಂದಿಸಬಹುದು. ಜನ ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಎಲ್ಲಿ ಪಕ್ಕದವರ ಜೊತೆ ಮಾತಾಡಿದರು ಎನ್ನುವುದೆಲ್ಲ ದೃಶ್ಯದ ಕೆಳಗೇ ಗೆರೆಯಾಗಿ ಕಾಣುತ್ತದೆ.

ಇಡೀ ಚಿತ್ರದ ದೊಡ್ಡ ನಗು ಮೈಕ್ ದೃಶ್ಯದಲ್ಲೇ ಇತ್ತು. ನಿರ್ದೇಶಕರು ಅದನ್ನು ನೋಡಿ ಸಮಾಧಾನಪಟ್ಟರು. ಆದರೆ ಇಂಟರ್ವಲ್ ಆದಮೇಲೆ ಸುಮಾರು ಇಪ್ಪತ್ತು ನಿಮಿಷ ಗೆರೆ ನೆಟ್ಟಗೆ ಮಲಗಿತ್ತು. ಆ ಇಪ್ಪತ್ತು ನಿಮಿಷದಲ್ಲಿ ನಮ್ಮ ಒಳ್ಳೆಯ ಹಾಸ್ಯ ಎಷ್ಟೋ ಇದ್ದವು. ಯಾರೂ ನಗಲಿಲ್ಲ.

ಆಮೇಲೆ ಎಡ ಬಲವನ್ನು ಬೇರೆ ಬೇರೆ ಕೇಳಿದೆ. ಊರಿನ ರೂಢಿಯಂತೆ ಅವತ್ತು ಹೆಂಗಸರು ಹೆಚ್ಚಾಗಿ ಎಡಗಡೆ ಕೂತಿದ್ದರು. ಮೈಕ್ ದೃಶ್ಯದ ಮೊದಲ ಎರಡು ಸಾಲಿಗೆ ಎರಡೂ ಕಡೆ ನಗು. ‘ನೀಲಿ ಸ್ಕೂಟರ್’ ಅಂದ ಕೂಡಲೇ ಎಡಗಡೆ ನಿಂತುಹೋಯಿತು. ಬಲಗಡೆಯ ನಗು ಇನ್ನೂ ಜೋರಾಯಿತು. ದೊಡ್ಡ ನಗುವಿನ ಅಡಿಯಲ್ಲಿ ಆ ಮೌನ ಮುಚ್ಚಿಹೋಗಿತ್ತು. ಒಂದೇ ರೆಕಾರ್ಡರ್ ಇಟ್ಟಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಮರುವಾರ ಬಸ್ಸು ಹತ್ತಿ ಆ ಊರಿಗೆ ಹೋದೆ. ನೋಡಿದವರಲ್ಲಿ ಎಂಟು ಜನ ಮಾತಿಗೆ ಸಿಕ್ಕರು. ಈ ಸಲ ಸ್ಟಾರ್ ಕೇಳಲಿಲ್ಲ. ‘ಮನೆಯಲ್ಲಿ ಈ ಸಿನಿಮಾ ನೋಡದೇ ಇರುವವರಿಗೆ ಕಥೆ ಹೇಳಿ, ನಾನು ಕೇಳಿಸಿಕೊಳ್ಳುತ್ತೇನೆ’ ಅಂದೆ. ಕಥೆ ಹೇಳುವಾಗ ಜನ ಇಷ್ಟಪಟ್ಟಲ್ಲಿ ನಿಧಾನ ಆಗುತ್ತಾರೆ, ಬೇಡವಾದಲ್ಲಿ ಓಡುತ್ತಾರೆ. ಒಬ್ಬ ಆಶಾ ಕಾರ್ಯಕರ್ತೆ ಅಮ್ಮನ ಕ್ಯಾಸೆಟ್ ಬಗ್ಗೆ ಐದು ನಿಮಿಷ ಹೇಳಿದರು. ಹೇಳುತ್ತಾ ಕಣ್ಣು ಒರೆಸಿಕೊಂಡರು. ಮೈಕ್ ದೃಶ್ಯ ಬಂದಾಗ ‘ಆಮೇಲೆ ಅವನು ಮೈಕಲ್ಲಿ ಹೇಳ್ತಾನೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

‘ಯಾಕಕ್ಕ, ಅದು ಇಷ್ಟ ಆಗಲಿಲ್ವಾ?’ ಎಂದು ಕೇಳಿದೆ.

‘ನಗು ಬಂತು ಸರ್. ಸುಳ್ಳು ಯಾಕೆ ಹೇಳಲಿ. ಆದ್ರೆ ಮಾರನೇ ದಿನ ಆ ಹುಡುಗಿ ಡ್ಯೂಟಿಗೆ ಹೇಗೆ ಹೋದ್ಲು? ಅದೇ ರಸ್ತೇಲಿ ತಾನೇ ಹೋಗ್ಬೇಕು? ನಾವೂ ಮನೆಮನೆಗೆ ಹೋಗೋರು. ಯಾರಾದ್ರೂ ಹೀಗೆ ನನ್ನ ಹೆಸರು ಕೂಗಿದ್ರೆ ನಾನು ಆ ಬೀದಿಗೇ ಹೋಗೋಕಾಗಲ್ಲ.’

‘ಹಾಗಾದರೆ ಹಾಳೆಯಲ್ಲಿ ಯಾಕೆ ಬರೆಯಲಿಲ್ಲ?’

‘ಸಿನಿಮಾ ಚೆನ್ನಾಗೇ ಇತ್ತಲ್ಲ ಸರ್. ಹುಡುಗರು ಅಷ್ಟು ಕಷ್ಟಪಟ್ಟಿದ್ದಾರೆ. ಅದಕ್ಕೆ ಪರವಾಗಿಲ್ಲ ಅಂತ ಬರೆದೆ.’

ಅವರ ‘ಪರವಾಗಿಲ್ಲ’ದಲ್ಲಿ ಎರಡು ಗಟ್ಟಿಯಾದ ಭಾವನೆಗಳಿದ್ದವು. ಒಂದು ಅಮ್ಮನ ಕ್ಯಾಸೆಟ್ ತಂದ ಕಣ್ಣೀರು. ಇನ್ನೊಂದು ಆ ಹುಡುಗಿಯ ಬಗ್ಗೆ ಸಂಕಟ. ಐದು ಒಂದು ಕಡೆ, ಒಂದು ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಭಾಗಿಸಿ ಮೂರು ಸ್ಟಾರ್ ಎಂದು ಬರೆಸಿಕೊಂಡವರು ನಾವು. ಎಂಟರಲ್ಲಿ ಐದು ಜನ, ಅದರಲ್ಲಿ ಒಬ್ಬ ಕಾಲೇಜು ಹುಡುಗ ಕೂಡ, ಇದೇ ಜಾಗಕ್ಕೆ ಬಂದು ತಡವರಿಸಿದರು.

ಜಗಳ

ನಿರ್ದೇಶಕರು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಅವರ ವಾದಕ್ಕೂ ತೂಕ ಇತ್ತು. ‘ಸರ್, ಇದು ಅವನ ಕಣ್ಣಿನಿಂದ ಹೇಳಿದ ಕಥೆ. ಅವನು ಮಾಡಿದ್ದು ಸರಿ ಅಂತ ನಾನು ಎಲ್ಲೂ ಹೇಳಿಲ್ಲ. ನೋಡುವವರಿಗೆ ಗೊತ್ತಾಗಲ್ವಾ?’

ನಾನು 2009ರ ‘500 ಡೇಸ್ ಆಫ್ ಸಮ್ಮರ್’ ನೆನಪಿಸಿದೆ. ಅದೂ ಸ್ವತಂತ್ರ ಚಿತ್ರಗಳ ಸಾಲಿನಲ್ಲೇ ಬಂದದ್ದು. ಇದು ಪ್ರೇಮಕಥೆಯಲ್ಲ ಎಂದು ಶುರುವಿನಲ್ಲೇ ನಿರೂಪಕ ಹೇಳಿಬಿಡುತ್ತಾನೆ. ಆದರೂ ಎಷ್ಟೋ ಜನ ಹೀರೋನ ಪಕ್ಷ ವಹಿಸಿ ಹುಡುಗಿಯನ್ನು ದೂರಿದರು. ಕೊನೆಗೆ ಹೀರೋ ಪಾತ್ರ ಮಾಡಿದ ಜೋಸೆಫ್ ಗಾರ್ಡನ್-ಲೆವಿಟ್ ಅವರೇ, ತಪ್ಪು ಹೆಚ್ಚಾಗಿ ಆ ಹುಡುಗನದು, ಮತ್ತೊಮ್ಮೆ ನೋಡಿ ಎಂದು ಹೇಳಬೇಕಾಯಿತು. ಅಷ್ಟು ಎಚ್ಚರದಿಂದ ಮಾಡಿದ ಚಿತ್ರದಲ್ಲೇ ಹೀಗಾಯಿತು. ಆದರೆ ಅಲ್ಲಿ ಪರದೆಯನ್ನು ಎರಡು ಭಾಗ ಮಾಡಿ, ಅವನು ಅಂದುಕೊಂಡದ್ದನ್ನೂ ನಿಜವಾಗಿ ನಡೆದದ್ದನ್ನೂ ಅಕ್ಕಪಕ್ಕ ತೋರಿಸುವ ಒಂದು ದೃಶ್ಯ ಇದೆ. ನೋಡುವವರಿಗೆ ಹೊರಗಿನಿಂದ ನೋಡಲು ಒಂದು ಕಿಟಕಿ ಇದೆ. ನಮ್ಮ ಚಿತ್ರದಲ್ಲಿ ಅಂಥ ಒಂದು ಶಾಟ್ ಕೂಡ ಇರಲಿಲ್ಲ. ಇದ್ದದ್ದು ಅವಳ ನಗು. ಅವಳು ನಕ್ಕರೆ ಎಲ್ಲ ಸರಿ ಇದೆ ಎಂದು ಚಿತ್ರವೇ ಹೇಳಿದ ಹಾಗೆ, ಅಲ್ವಾ?

ದೃಶ್ಯವನ್ನೇ ತೆಗೆಯೋಣ ಎಂದು ಒಬ್ಬ ಗೆಳೆಯರು ಅಂದರು. ನಾನು ಬೇಡ ಅಂದೆ. ಎದುರಿಗೆ ಮಾತಾಡಲಾರದವನು ಮೈಕಲ್ಲಿ ಮಾತಾಡಿ ಕೆಡಿಸಿಕೊಳ್ಳುತ್ತಾನೆ ಎನ್ನುವುದೇ ಈ ಕಥೆ. ಅವನು ಕೆಡಿಸಿಕೊಂಡ ಎನ್ನುವುದನ್ನು ಚಿತ್ರ ಗಮನಿಸಬೇಕಿತ್ತು, ಅಷ್ಟೇ.

ದಾರಿ ತೋರಿಸಿದವರು ನಾಯಕಿಯ ಪಾತ್ರ ಮಾಡಿದ ನಟಿ. ಡಬ್ಬಿಂಗ್ ತಿದ್ದುಪಡಿಗೆ ಬಂದಿದ್ದಾಗ ಮಾತು ಬಂತು. ‘ಶೂಟಿಂಗ್ ದಿನ ನಾನು ಇದನ್ನೇ ಕೇಳಿದ್ದೆ. ಇವಳು ಇಲ್ಲಿ ನಗಲ್ಲ ಅಂದಿದ್ದೆ. ಒಂದು ಟೇಕ್ ಹಾಗೂ ಮಾಡಿದ್ವಿ’ ಅಂದರು. ನಿರ್ದೇಶಕರು ತಲೆ ತಗ್ಗಿಸಿದರು. ಮೂಡ್ ಹೋಗುತ್ತದೆ ಎಂದು ಆ ಟೇಕನ್ನು ಅವರು ಬಿಟ್ಟಿದ್ದರು. ಹಿಂದಿನ ಎಡಿಟರ್ ಅದನ್ನು ನೋಡಿಯೂ ಇರಲಿಲ್ಲ.

ರಶಸ್, ಅಂದರೆ ಶೂಟ್ ಮಾಡಿಟ್ಟಿದ್ದ ಕಚ್ಚಾ ತುಣುಕುಗಳನ್ನೆಲ್ಲ ಹುಡುಕಿದೆವು. ನಾಲ್ಕನೇ ಟೇಕ್. ಸಂತೆ ತಿರುಗಿ ನೋಡುತ್ತದೆ. ಅವಳು ನಗುವುದಿಲ್ಲ, ಅಳುವುದೂ ಇಲ್ಲ. ಕೈಯಲ್ಲಿದ್ದ ಟೊಮೆಟೊವನ್ನು ವಾಪಸ್ ಗುಡ್ಡೆಗೆ ಇಟ್ಟು, ಚೀಲ ಎದೆಗೆ ಅವುಚಿಕೊಂಡು, ಜನರ ಮಧ್ಯೆ ದಾರಿ ಮಾಡಿಕೊಂಡು ಹೋಗುತ್ತಾಳೆ. ಸ್ಕೂಟರ್ ಹತ್ತಿರ ಬಂದು ನಿಂತು, ಅದನ್ನು ಹತ್ತದೆ ನಡೆದು ಹೋಗುತ್ತಾಳೆ. ನೀಲಿ ಸ್ಕೂಟರ್ ಈಗ ಊರಿಗೆಲ್ಲ ಗೊತ್ತು! ಸ್ಕ್ರಿಪ್ಟಿನಲ್ಲಿ ಇದು ಇರಲಿಲ್ಲ. ಆ ಹೊತ್ತಿಗೆ ನಟಿಗೆ ಹೊಳೆದದ್ದು. ಎಡಿಟಿಂಗ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನಿರ್ದೇಶಕರೇ ‘ಇದನ್ನು ಹಾಕಿ’ ಅಂದರು.

ಕ್ಷಮೆಯ ದೃಶ್ಯ

ಒಂದು ಟೇಕ್ ಬದಲಾದರೆ ಮುಂದಿನದೆಲ್ಲ ಅಲುಗಾಡುತ್ತದೆ. ಹಳೆ ಕಟ್‌ನಲ್ಲಿ ಮರುದಿನವೇ ಇಬ್ಬರೂ ಟೀ ಕುಡಿಯುತ್ತಿದ್ದರು. ಈಗ ಅದು ಹೊಂದುವುದಿಲ್ಲ. ಒಂದು ದಿನದ ರೀಶೂಟ್ ಬೇಕಾಯಿತು. ಮಾವ ಅಡಿಕೆ ಮಾರಿದ ದುಡ್ಡಿನಲ್ಲಿ ಅದಕ್ಕೆ ಕೊಟ್ಟರು. ‘ನಮ್ಮ ಮನೆ ಹುಡುಗಿ ಟೀಚರ್. ಅವಳೂ ಸಿನಿಮಾ ನೋಡಿದಳು. ಏನೂ ಹೇಳಲಿಲ್ಲ. ಈಗ ಯಾಕೆ ಅಂತ ಗೊತ್ತಾಯ್ತು’ ಅಂದರು.

ರೀಶೂಟ್‌ಗೆ ನಿರ್ದೇಶಕರು ಒಂದು ದೃಶ್ಯ ಬರೆದು ತಂದರು. ಹೀರೋ ಆಟೋ ಹತ್ತಿ, ಅದೇ ಸಂತೆಯಲ್ಲಿ, ಮೈಕ್ ಹಿಡಿದು ಊರಿನ ಮುಂದೆ ಕ್ಷಮೆ ಕೇಳುತ್ತಾನೆ. ಓದಿದಾಗ ಎಲ್ಲರೂ ನಕ್ಕೆವು. ಸಾಲುಗಳು ಅಷ್ಟು ಚೆನ್ನಾಗಿದ್ದವು. ನನಗೂ ಹಿಡಿಸಿತು.

ನಟಿ ಮಾತ್ರ ನಗಲಿಲ್ಲ. ‘ಇದರಿಂದ ಊರು ಮತ್ತೆ ನನ್ನ ಕಡೆ ತಿರುಗುತ್ತೆ. ಈ ಸಲ ನಾನು ಕ್ಷಮಿಸಲೇಬೇಕು, ಯಾಕಂದ್ರೆ ಎಲ್ಲರೂ ನೋಡ್ತಿದ್ದಾರೆ’ ಅಂದರು.

ಅಲ್ಲಿಯವರೆಗೆ ನಾವು ದೋಷವನ್ನು ಒಂದು ಶಾಟಿನ ದೋಷ ಅಂದುಕೊಂಡಿದ್ದೆವು. ಅದು ನಮ್ಮ ಯೋಚನೆಯಲ್ಲೇ ಇತ್ತು. ಎಷ್ಟೋ ವರ್ಷ ನೋಡಿಕೊಂಡು ಬಂದ ಸಿನಿಮಾಗಳಿಂದ ಬಂದದ್ದು. ಜನರ ನಡುವೆ ಜೋರಾಗಿ ಹೇಳಿದ್ದೇ ದೊಡ್ಡ ಪ್ರೀತಿ, ಜನರ ನಡುವೆ ಜೋರಾಗಿ ಕೇಳಿದ್ದೇ ದೊಡ್ಡ ಕ್ಷಮೆ ಎನ್ನುವ ಲೆಕ್ಕ ನಮ್ಮೆಲ್ಲರ ತಲೆಯಲ್ಲಿ ಕೂತಿತ್ತು. ನಿರ್ದೇಶಕರು ಆ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ಎರಡು ದಿನ ಫೋನ್ ಎತ್ತಲಿಲ್ಲ.

ಮೂರನೇ ದಿನ ಅವರು ತಂದದ್ದು ಒಂದೂವರೆ ಪುಟ. ಹೀರೋ ಪಶು ಆಸ್ಪತ್ರೆಗೆ ಬರುತ್ತಾನೆ. ಹಸು, ಕುರಿ, ನಾಯಿ ತಂದವರ ಸಾಲಿನಲ್ಲಿ ಬರಿಗೈಯಲ್ಲಿ ಕೂರುತ್ತಾನೆ. ಪಕ್ಕದವನು ‘ನಿನ್ನ ಪ್ರಾಣಿ ಎಲ್ಲಿ?’ ಎಂದು ಕೇಳುತ್ತಾನೆ. ಅವನ ಸರದಿ ಬರುತ್ತದೆ. ಬಾಗಿಲು ಮುಚ್ಚುತ್ತದೆ. ಅವನ ಬಾಯಿ ಒಣಗುತ್ತದೆ, ಮಾತು ತುಂಡು ತುಂಡಾಗುತ್ತದೆ. ಒಂದು ವಾಕ್ಯ ಮುಗಿಸಲು ಅರ್ಧ ನಿಮಿಷ. ಅವಳು ಸಹಾಯ ಮಾಡುವುದಿಲ್ಲ, ಕಾಯುತ್ತಾಳೆ. ವಾಕ್ಯ ಮುಗಿದಮೇಲೆ ‘ಮುಂದಿನವರು’ ಅನ್ನುತ್ತಾಳೆ. ಅಷ್ಟೇ.

ಟೀ ದೃಶ್ಯವನ್ನು ಅದಾದ ಎಷ್ಟೋ ಹೊತ್ತಿನ ನಂತರಕ್ಕೆ ತಳ್ಳಿದೆವು. ಅಲ್ಲಿದ್ದ ಹಳೆಯ ಒಂದೆರಡು ಮಾತು ಹೊಂದುತ್ತಿರಲಿಲ್ಲ. ಅವಳು ಬೆನ್ನು ತಿರುಗಿಸಿ ನಿಂತ ಶಾಟ್ ಇತ್ತು. ತುಟಿ ಕಾಣದ ಕಡೆ ಹೊಸ ಮಾತು ಡಬ್ ಮಾಡಿಸಿ ಕೂರಿಸಿದೆವು. ತೆಗೆದು ಹಾಕಿದ್ದ ಎಮ್ಮೆ ದೃಶ್ಯವೂ ಅಮ್ಮನ ಕ್ಯಾಸೆಟ್ಟೂ ಪೂರ್ತಿಯಾಗಿ ವಾಪಸ್ ಬಂದವು. ಕೊನೆಗೆ ನಿಂತ ಉದ್ದ 2 ಗಂಟೆ 17 ನಿಮಿಷ.

ಆಮೇಲೆ ಏನಾಯಿತು

ಕೊನೆಯ ಪ್ರದರ್ಶನವನ್ನು ಇನ್ನೊಂದು ಊರಿನಲ್ಲಿ ಮಾಡಿದೆವು. ಮೈಕ್ ದೃಶ್ಯದ ನಗು ಮೊದಲಿಗಿಂತ ಕಡಿಮೆ ಆಯಿತು. ನಡುವೆಯೇ ಸಭಾಂಗಣ ಮೌನವಾಯಿತು, ಎಡಕ್ಕೂ ಬಲಕ್ಕೂ. ಆದರೆ ಇಂಟರ್ವಲ್ ನಂತರದ ಆ ಇಪ್ಪತ್ತು ನಿಮಿಷದಲ್ಲಿ ನಗು ವಾಪಸ್ ಬಂತು. ‘ನಿನ್ನ ಪ್ರಾಣಿ ಎಲ್ಲಿ?’ ಎಂಬಲ್ಲಿ ಚಪ್ಪಾಳೆಯೇ ಬಿತ್ತು.

ಹಾಳೆಗಳಲ್ಲಿ ಎಲ್ಲರೂ ಹೊಗಳಿದ್ದರು ಎಂದು ಹೇಳಲಾರೆ. ಕೆಲವರು ‘ಸೆಕೆಂಡ್ ಹಾಫ್ ಸೀರಿಯಸ್ ಆಯ್ತು’ ಎಂದು ಬರೆದರು. ಒಬ್ಬ ಹುಡುಗ ‘ಅವನು ಏನು ತಪ್ಪು ಮಾಡಿದ ಅಂತ ಅವಳು ಅಷ್ಟು ಸಿಟ್ಟು ಮಾಡ್ಕೋಬೇಕು?’ ಎಂದು ಕೇಳಿದ್ದ. ಅವನ ಪಕ್ಕದಲ್ಲಿ ಕೂತಿದ್ದ ಹುಡುಗಿ ತನ್ನ ಹಾಳೆಯ ಹಿಂಬದಿಯಲ್ಲಿ ಅದಕ್ಕೇ ಉತ್ತರ ಕೊಟ್ಟ ಹಾಗೆ ಒಂದು ಪುಟ ಬರೆದಿದ್ದಳು. ‘ಪರವಾಗಿಲ್ಲ’ ಎನ್ನುವ ಮಾತು ಮಾತ್ರ ಎಲ್ಲೋ ಎರಡು ಮೂರು ಕಡೆ ಇತ್ತು. ಹಣ ಹಾಕಿದ ಗೆಳೆಯರಿಗೆ ಭಯ ಆಯಿತು. ಬೇಡ ಅನ್ನುವವರು ಜಾಸ್ತಿ ಆದರಲ್ಲ ಎಂದು. ನನಗೆ ಮೊದಲ ಸಲ ನೆಮ್ಮದಿ ಆಯಿತು. ಜನ ಈಗ ಚಿತ್ರದ ಜೊತೆ ಮಾತಾಡುತ್ತಿದ್ದರು, ಜಗಳ ಆಡುತ್ತಿದ್ದರು.

ಒಂದು ದೊಡ್ಡ ತಪ್ಪು ಉಳಿದುಹೋಯಿತು. ಅದರಲ್ಲಿ ನನ್ನ ಪಾಲೂ ಇದೆ. ಟ್ರೈಲರ್ ಬದಲಿಸಲಿಲ್ಲ. ಅದು ಆಗಲೇ ಯೂಟ್ಯೂಬ್‌ನಲ್ಲಿ ಓಡುತ್ತಿತ್ತು. ಜನ ಹಂಚಿಕೊಳ್ಳುತ್ತಿದ್ದರು. ಅದರ ಕೊನೆಯ ಶಾಟ್ ಅವಳ ಹಳೆಯ ನಗು. ಆ ನಗು ನೋಡಿ ಹಗುರಾದ ಸಿನಿಮಾ ಎಂದು ಬಂದವರಿಗೆ ಥಿಯೇಟರಿನಲ್ಲಿ ಆ ನಗುವೇ ಇರಲಿಲ್ಲ. ಮೊದಲ ಶುಕ್ರವಾರ ಬಂದ ಬೇಸರದ ಮಾತುಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ ಇದ್ದವು. ಅವರು ಬೇಸರ ಪಟ್ಟದ್ದು ನ್ಯಾಯ. ಚಿತ್ರದ ಮನಸ್ಸು ಬದಲಾದರೆ ಟ್ರೈಲರ್, ಪೋಸ್ಟರ್ ಎಲ್ಲ ಅದೇ ದಿನ ಬದಲಾಗಬೇಕು. ನಾವು ದುಡ್ಡಿಗೆ ನೋಡಿದೆವು.

ಮಲ್ಟಿಪ್ಲೆಕ್ಸ್‌ಗಳಲ್ಲಿ ಸಿಕ್ಕಿದ್ದು ಹೆಚ್ಚಾಗಿ ಬೆಳಗ್ಗೆಯ, ಮಧ್ಯಾಹ್ನದ ಶೋಗಳು. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಬರಲಾರರು. ಸೋಮವಾರಕ್ಕೆ ಅರ್ಧಕ್ಕರ್ಧ ಶೋ ಹೋದವು. ಎರಡನೇ ವಾರ ಬೆಂಗಳೂರಿನಲ್ಲಿ ಒಂದು ಕಡೆ, ಶೂಟಿಂಗ್ ನಡೆದ ಜಿಲ್ಲೆಯ ಒಂದು ಹಳೆ ಥಿಯೇಟರಿನಲ್ಲಿ ಉಳಿಯಿತು. ಆ ಹಳೆ ಥಿಯೇಟರಿನಲ್ಲಿ ಸಂಜೆಯ ಆಟಕ್ಕೆ ಹೆಂಗಸರು ಗುಂಪು ಕಟ್ಟಿಕೊಂಡು ಬಂದರು ಎಂದು ಮಾಲೀಕರೇ ಫೋನ್ ಮಾಡಿ ಹೇಳಿದರು. ಹಾಕಿದ ಹಣ ಥಿಯೇಟರಿನಿಂದ ವಾಪಸ್ ಬರಲಿಲ್ಲ. ಆಮೇಲೆ ಒಟಿಟಿಗೆ ಹೋಯಿತು. ಅಲ್ಲಿ ಮೊದಲೇ ದುಡ್ಡು ಕೊಡುವ ಮಾತಿರಲಿಲ್ಲ, ಜನ ನೋಡಿದಷ್ಟು ಹೊತ್ತಿಗೆ ಲೆಕ್ಕ. ಈಗಲೂ ಸ್ವಲ್ಪ ಸ್ವಲ್ಪ ಬರುತ್ತಿದೆ. ಹಳೆ ಕಟ್ ಬಿಟ್ಟಿದ್ದರೆ ಹೆಚ್ಚು ದುಡ್ಡು ಬರುತ್ತಿತ್ತೇನೋ ಎಂದು ಗೆಳೆಯರಲ್ಲಿ ಒಬ್ಬರಿಗೆ ಇನ್ನೂ ಅನುಮಾನ ಇದೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆ ಟೇಕ್ ನೋಡಿದ ಮೇಲೆ ಹಳೆಯದನ್ನು ಬಿಡಲು ನಮ್ಮಿಂದ ಆಗುತ್ತಿರಲಿಲ್ಲ ಎನ್ನುವುದು ಮಾತ್ರ ಗೊತ್ತು.

ಈಗ ನನ್ನ ಪ್ರದರ್ಶನಗಳಲ್ಲಿ ಸ್ಟಾರ್ ಹಾಳೆ ಇಲ್ಲ. ಎರಡು ಪ್ರಶ್ನೆ ಇರುತ್ತವೆ. ಯಾವ ಜಾಗದಲ್ಲಿ ನಿಮ್ಮ ಮನಸ್ಸು ಬದಲಾಯಿತು? ಸಿನಿಮಾ ಮುಗಿದಮೇಲೆ ಯಾವ ಪಾತ್ರದ ಬಗ್ಗೆ ಯೋಚನೆ ಆಗುತ್ತಿದೆ? ಎರಡನೆಯದಕ್ಕೆ ಬರುವ ಉತ್ತರಗಳು ಬರೆದವರ ಬದುಕಿನಿಂದಲೇ ಎದ್ದು ಬಂದಿರುತ್ತವೆ. ಅವನ್ನು ಓದುವಾಗ ಈಗಲೂ ಕೈ ನಡುಗುತ್ತದೆ. ಪಾತ್ರ ಮಾಡುವವರು ಸೆಟ್ಟಿನಲ್ಲಿ ‘ಇವಳು ಹೀಗೆ ಮಾಡಲ್ಲ’ ಅಂದ ಟೇಕ್‌ಗಳಿಗೆ ಗುರುತು ಹಾಕಿಡಿ ಎಂದು ಅಸಿಸ್ಟೆಂಟ್‌ಗಳಿಗೆ ಹೇಳಿದ್ದೇನೆ.

ಒಟಿಟಿಗೆ ಬಂದಮೇಲೆ ಆ ಆಶಾ ಕಾರ್ಯಕರ್ತೆಗೆ ಲಿಂಕ್ ಕಳಿಸಿದ್ದೆ. ಮಗಳ ಜೊತೆ ಫೋನಿನಲ್ಲಿ ನೋಡಿದರಂತೆ. ರಾತ್ರಿ ಹತ್ತು ಗಂಟೆಗೆ ಕರೆ ಬಂತು. ‘ಸರ್, ಈಗ ಅವಳು ಡ್ಯೂಟಿಗೆ ಹೇಗೆ ಹೋದ್ಲು ಅಂತ ಗೊತ್ತಾಯ್ತು. ಸ್ಕೂಟರ್ ಬಿಟ್ಟು ನಡ್ಕೊಂಡು ಹೋದ್ಲಲ್ಲ, ಅಲ್ಲಿ ನನ್ನ ಮಗಳು ನನ್ನ ಕೈ ಹಿಡ್ಕೊಂಡ್ಲು. ಆದ್ರೆ ಆಮೇಲೆ ಅವಳು ಅವನ ಜೊತೆ ಟೀಗೆ ಹೋದದ್ದು ಸ್ವಲ್ಪ ಬೇಗ ಆಯ್ತು. ನಾನಾಗಿದ್ರೆ ಇನ್ನೂ ಒಂದೆರಡು ಸಂತೆ ಕಾಯಿಸ್ತಿದ್ದೆ.’

ನಾನು ಅದನ್ನು ಹಾಗೇ ಬರೆದು ನಿರ್ದೇಶಕರಿಗೆ ಕಳಿಸಿದೆ. ‘ಅಕ್ಕ ಹೇಳಿದ್ದು ಸರಿ ಇರಬಹುದು’ ಎಂದು ಉತ್ತರ ಬಂತು.